ಗುಜರಿಯವನಿಗೂ ಬೇಡವಾದದ್ದು

ನಮ್ಮ ಬೀದಿಗೆ ಬರುವ ಗುಜರಿಯವನು ಈಗ ಗಂಟಲು ಹರಿದುಕೊಂಡು ಕೂಗುವುದಿಲ್ಲ. ಗೂಡ್ಸ್ ಆಟೋದ ನೆತ್ತಿಗೆ ಸ್ಪೀಕರ್ ಕಟ್ಟಿದ್ದಾನೆ. ಯಾರದೋ ದನಿಯಲ್ಲಿ ತುಂಬಿಸಿಟ್ಟ ಪಟ್ಟಿ ಅದರಿಂದ ಹೊರಡುತ್ತದೆ: ಹಳೇ ಫ್ರಿಜ್ಜು, ಹಳೇ ವಾಷಿಂಗ್ ಮಷೀನು, ಹಳೇ ಕಬ್ಬಿಣ, ಹಳೇ ಯುಪಿಎಸ್ ಬ್ಯಾಟರೀ... ಉಳಿದವಕ್ಕೆಲ್ಲ ಒಂದೊಂದು ಸಲ, ಬ್ಯಾಟರಿಗೆ ಮಾತ್ರ ಎರಡೆರಡು ಸಲ. ಅವನ ವ್ಯಾಪಾರದ ಜೀವ ಎಲ್ಲಿದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಫ್ರಿಜ್ಜನ್ನು ಅವನು ಮೂಗು ಮುರಿಯುತ್ತಲೇ ನೋಡುತ್ತಾನೆ, ಪುಸ್ತಕಗಳನ್ನಂತೂ ಕಾಲಲ್ಲಿ ಸರಿಸುತ್ತಾನೆ (ಅದರಲ್ಲಿ ನನ್ನವೂ ಇರುತ್ತವೆ). ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತ ಕೂತ ಹಳೇ ಬ್ಯಾಟರಿ ಕಂಡರೆ ಮಾತ್ರ ಅವನ ನಡೆ ಬದಲಾಗುತ್ತದೆ. ಬಗ್ಗಿ, ಒಂದು ಮೂಲೆಯನ್ನು ಬೆರಳಲ್ಲಿ ಎತ್ತಿ, ತಕ್ಕಡಿಯಿಲ್ಲದೆಯೇ ತೂಕ ಹೇಳುತ್ತಾನೆ. ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ.

ಆ ಗೌರವವೆಲ್ಲ ಸೀಸಕ್ಕೆ. 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯನ್ನು ಒಬ್ಬನೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡವರನ್ನು ಕೇಳಿ, ಐವತ್ತು ಕೆ.ಜಿ.ಗೂ ಮೇಲೆ ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಸೀಸ 327 ಡಿಗ್ರಿಗೆ ಕರಗುತ್ತದೆ, ಎಷ್ಟು ಸಲ ಕರಗಿಸಿದರೂ ಮತ್ತೆ ಹೊಸ ಸೀಸವೇ. ಹೀಗಾಗಿ ಇಂದಿನ ಬ್ಯಾಟರಿಯ ಹೊಟ್ಟೆಯಲ್ಲಿ ಯಾವ ಕಾಲದ ಯಾವ ಲಾರಿಯ ಬ್ಯಾಟರಿ ಇದೆಯೋ ಹೇಳಲಾಗದು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಎರಡು ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿದಾಗ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಇದ್ದರು. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪಕ್ಕೆ ಬಂದದ್ದು 1905ರಲ್ಲಿ. ನಮ್ಮ ಊರುಗಳಿಗೆ ಕರೆಂಟು ಬರುವ ಮೊದಲೇ ಅದು ಹೋದರೆ ಬೇಕಾಗುವ ಏರ್ಪಾಟು ತಯಾರಿತ್ತು ಅಂದ ಹಾಗಾಯಿತು. ಅಂದಿನಿಂದ ಡಬ್ಬಿ ಬದಲಾಗಿದೆ, ತಟ್ಟೆಗಳ ರೂಪ ಬದಲಾಗಿದೆ. ಸೀಸ ಮತ್ತು ಆ್ಯಸಿಡ್ಡಿನ ಸಂಸಾರ ಮಾತ್ರ ಹಾಗೇ ನಡೆದಿದೆ.

ಈ ಬ್ಯಾಟರಿಗೆ ಆಗಾಗ ನೀರು ಕೊಡಬೇಕು. ಕೊಟ್ಟಿಗೆಯ ಎಮ್ಮೆಯನ್ನು ನೋಡಿಕೊಂಡ ಹಾಗೆಯೇ, ಆದರೆ ಮರೆತರೆ ಇದು ಕೂಗುವುದಿಲ್ಲ, ಸೊರಗುತ್ತದೆ ಅಷ್ಟೆ. ಚಾರ್ಜು ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಒಳಗಿನ ನೀರು ಒಡೆದು ಜಲಜನಕ, ಆಮ್ಲಜನಕವಾಗಿ ಹಾರಿಹೋಗುತ್ತದೆ. ಆ್ಯಸಿಡ್ ಹಾರುವುದಿಲ್ಲ. ಆದ್ದರಿಂದ ತುಂಬಬೇಕಾದದ್ದು ನೀರನ್ನೇ, ಅದೂ ಡಿಸ್ಟಿಲ್ಡ್ ವಾಟರ್. ಕಾವೇರಿ ನೀರು ಎಷ್ಟೇ ಪವಿತ್ರವಾದರೂ ಅದರಲ್ಲಿರುವ ಸುಣ್ಣ, ಕಬ್ಬಿಣ, ಕ್ಲೋರಿನ್ನು ತಟ್ಟೆಗಳ ಆಯಸ್ಸು ತಿನ್ನುತ್ತವೆ. ನಮ್ಮ ಮಾವನವರಿಗೆ ಇದನ್ನು ಒಪ್ಪಿಸುವುದು ಕಷ್ಟವಾಯಿತು. ‘ನಾವೇ ಕುಡೀತೀವಿ, ಅದಕ್ಕೇನು ದೊಡ್ಡಸ್ತಿಕೆ?’ ಎಂದು ಅವರ ವಾದ.

ಜಲಜನಕದ ಮಾತು ಬಂತಲ್ಲ, ಅದರ ಜೊತೆಗೇ ಆಯುಧಪೂಜೆಯ ಮಾತನ್ನೂ ಹೇಳಿಬಿಡಬೇಕು. ಮೈಸೂರು ಸೀಮೆಯಲ್ಲಿ ಆ ದಿನ ಚಲಿಸುವ, ಉರಿಯುವ, ಗುಂಯ್‌ಗುಡುವ ಯಾವುದಕ್ಕೂ ಅರಿಶಿನ ಕುಂಕುಮ ತಪ್ಪುವುದಿಲ್ಲ. ಸ್ಕೂಟರು, ಮಿಕ್ಸಿ, ಕಂಪ್ಯೂಟರು ಮುಗಿಸಿ ಮೆಟ್ಟಿಲ ಕೆಳಗಿನ ಯುಪಿಎಸ್‌ಗೂ ಸೇವಂತಿಗೆ ಏರಿಸಿ ಕರ್ಪೂರದ ತಟ್ಟೆ ಎತ್ತುತ್ತಾರೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಜಲಜನಕ ಸೇರಿದರೆ ಸಾಕು, ಕಿಡಿ ತಾಗಿದರೆ ಹತ್ತಿಕೊಳ್ಳುತ್ತದೆ. ಬಾಗಿಲು ಹಾಕಿದ ಸಣ್ಣ ಕಪಾಟಿನಲ್ಲಿ ಚಾರ್ಜಾಗುತ್ತಿರುವ ಬ್ಯಾಟರಿಯ ಮುಚ್ಚಳಗಳ ಮೇಲೆ ಕರ್ಪೂರ ಆಡಿಸುವುದನ್ನು ಯಾವ ದೇವರೂ ಮೆಚ್ಚಲಾರ. ಹೂವಿಡಿ, ಕುಂಕುಮ ಇಡಿ, ಮಂಗಳಾರತಿಯನ್ನು ಹಜಾರದಲ್ಲೇ ಮುಗಿಸಿ. ಕಪಾಟಿನ ಬಾಗಿಲಿಗೆ ತೂತುಗಳಿರಲಿ. ತಂತಿ ಕಚ್ಚುವ ಜಾಗದಲ್ಲಿ ಬಿಳಿ-ಹಸಿರು ಹಿಟ್ಟು ಕಟ್ಟಿದರೆ ಯುಪಿಎಸ್ ಆಫ್ ಮಾಡಿ, ಅಡುಗೆ ಸೋಡಾದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿ, ವ್ಯಾಸಲೀನು ಸವರಬೇಕು. ಸ್ಪ್ಯಾನರ್ ಹಿಡಿದ ಕೈಯಲ್ಲಿ ಬಳೆ, ಉಂಗುರ, ಗಡಿಯಾರ ಬೇಡ. ಹನ್ನೆರಡು ವೋಲ್ಟು ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯದಲ್ಲಿ ಜನ ಕೈಹಾಕುತ್ತಾರೆ. ಶಾಕ್ ಹೊಡೆಯುವುದಿಲ್ಲ, ನಿಜ. ಎರಡು ತುದಿಗಳ ನಡುವೆ ಲೋಹ ಅಡ್ಡ ಬಿದ್ದರೆ ಅದನ್ನು ಕೆಂಪಗೆ ಕಾಯಿಸುವಷ್ಟು ಕರೆಂಟು ಹರಿಯುತ್ತದೆ, ಬೆರಳಲ್ಲಿ ಉಂಗುರ ಇದ್ದರೂ.

ಬೆಲೆಯಿಲ್ಲದ ಬ್ಯಾಟರಿಯ ಕಥೆ ಬೇರೆ. ನಾನು ಬೆಳೆದದ್ದು ಸಾಗರದ ಕಡೆ. ಅಲ್ಲಿ ಬ್ಯಾಟರಿ ಅಂದರೆ ಟಾರ್ಚು, ಅದರೊಳಗೆ ಹಾಕುವುದು ಶೆಲ್ಲು. ಮೂರು ಶೆಲ್ಲಿನ ಉದ್ದನೆಯ ಬ್ಯಾಟರಿ ಇದ್ದವರು ರಾತ್ರಿ ಯಕ್ಷಗಾನಕ್ಕೆ ಹೋಗುವ ಗುಂಪಿನಲ್ಲಿ ತಾವಾಗಿಯೇ ಮುಂದಾಳುಗಳಾಗುತ್ತಿದ್ದರು. ಬೆಳಕು ಕೆಂಪಗಾದರೆ ಶೆಲ್ಲುಗಳನ್ನು ಅಂಗಳದ ಬಿಸಿಲಿಗೆ ಹಾಕುವುದು. ಬಿಸಿಗೆ ಒಳಗಿನ ರಸಾಯನಗಳು ಒಂದಿಷ್ಟು ಚುರುಕಾಗಿ ಇನ್ನೊಂದು ರಾತ್ರಿಗೆ ದೀಪ ಬರುತ್ತಿತ್ತು. ಪೂರ್ತಿ ಸತ್ತ ಮೇಲೆ ಮಕ್ಕಳ ಸರದಿ. ಕಲ್ಲಿನಿಂದ ಜಜ್ಜಿದರೆ ಹೊರಗಿನ ಸತುವಿನ ಕವಚ, ತಲೆಯ ಮೇಲಿನ ಹಿತ್ತಾಳೆ ಟೊಪ್ಪಿ, ನಡುವೆ ಇದ್ದಿಲಿನ ಕಡ್ಡಿ, ಸುತ್ತ ಕರಿ ಪುಡಿ. ಕಡ್ಡಿಯಲ್ಲಿ ಗೋಡೆ ತುಂಬ ಬರೆಯುತ್ತಿದ್ದೆವು. ಕರಿ ಪುಡಿಗೆ ದೊಡ್ಡವರಲ್ಲೂ ಬೇಡಿಕೆಯಿತ್ತು: ಸಗಣಿಗೆ ಕಲಸಿ ಜಗುಲಿ ಸಾರಿಸಿದರೆ ನೆಲ ಮಿರಮಿರ ಕಪ್ಪಾಗುತ್ತಿತ್ತು. ಶಾಲೆಯ ಕರಿಹಲಗೆ ಬಿಳಚಿಕೊಂಡಾಗ ಅದೇ ಪುಡಿಗೆ ಸೊಪ್ಪಿನ ರಸ ಸೇರಿಸಿ ಬಳಿಯುತ್ತಿದ್ದೆವು. ಮ್ಯಾಂಗನೀಸಿನ ಡೈಆಕ್ಸೈಡು ಅದು ಎಂದು ಅದೇ ಹಲಗೆಯ ಮೇಲೆ ಬರೆದು ಕಲಿಸಿದ ಮೇಷ್ಟರೂ ನಮ್ಮನ್ನು ತಡೆಯಲಿಲ್ಲ.

ಏನನ್ನೂ ಎಸೆಯದ ಆ ಕಾಲವನ್ನು ಹೊಗಳುವ ಪ್ರಬಂಧಗಳು ಕನ್ನಡದಲ್ಲಿ ಸಾಕಷ್ಟಿವೆ, ನಾನೊಂದು ಸೇರಿಸುವುದು ಬೇಡ. ಸತುವು ಬೇಗ ಸವೆಯದಿರಲೆಂದು ಹಳೆಯ ಕಾಲದ ಶೆಲ್ಲುಗಳಿಗೆ ಪಾದರಸವನ್ನೂ ಸೇರಿಸುತ್ತಿದ್ದರು. ಜಗುಲಿಯ ಮೇಲೆ ಕೂಸುಗಳು ಅಂಬೆಗಾಲಿಕ್ಕುತ್ತಿದ್ದವು.

ಸೀಸದ ವಿಷಯದಲ್ಲಿ ನಾನು ಬಹಳ ಕಾಲ ನೆಮ್ಮದಿಯಾಗಿದ್ದೆ. ಬೆಲೆಯಿದೆ, ಕೊಳ್ಳುವವನಿದ್ದಾನೆ, ಮನೆಬಾಗಿಲಿಗೇ ಬರುತ್ತಾನೆ, ಬೀದಿಯಲ್ಲಿ ಒಂದಾದರೂ ಬ್ಯಾಟರಿ ಅನಾಥವಾಗಿ ಬಿದ್ದಿಲ್ಲ. ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಸರ್ಕಾರ ಮಾಡೀತು? ತಕರಾರು ಶುರುವಾಗುವುದು ಆಟೋ ನಮ್ಮ ಬೀದಿ ದಾಟಿದ ಮೇಲೆ. ಸರಿಯಾದ ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರ ಬ್ಯಾಟರಿ ಒಡೆಯುತ್ತದೆ, ಆ್ಯಸಿಡ್ಡನ್ನು ಹಿಡಿದು ಶಮನ ಮಾಡುತ್ತಾರೆ, ಕುಲುಮೆಯ ಹೊಗೆಗೆ ಶೋಧಕಗಳಿರುತ್ತವೆ, ಕೆಲಸಗಾರರ ರಕ್ತ ಪರೀಕ್ಷೆಯಾಗುತ್ತದೆ. ಊರಾಚೆಯ ತಗಡಿನ ಶೆಡ್ಡಿನಲ್ಲಿ ಕೊಡಲಿ ಒಡೆಯುತ್ತದೆ, ಆ್ಯಸಿಡ್ಡು ಚರಂಡಿಗೆ ಹೋಗುತ್ತದೆ, ಸೀಸ ತೆರೆದ ಬಾಣಲೆಯಲ್ಲಿ ಕರಗುತ್ತದೆ. ಧೂಳು ಬಟ್ಟೆಗೆ ಅಂಟಿಕೊಂಡು ಮನೆಗೆ ಹೋಗುತ್ತದೆ. ಈಗ ಲೆಕ್ಕ ನೋಡಿ: ಶೋಧಕಕ್ಕೆ, ಪರವಾನಗಿಗೆ, ಪರೀಕ್ಷೆಗೆ ಖರ್ಚಿಲ್ಲದವನು ಕೆ.ಜಿ.ಗೆ ನಾಲ್ಕು ಕಾಸು ಜಾಸ್ತಿ ಕೊಡಬಲ್ಲ. ಆ ನಾಲ್ಕು ಕಾಸಿಗಾಗಿ ನಾವು ಗೇಟಿನ ಬಳಿ ನಿಂತು ಚೌಕಾಸಿ ಮಾಡುತ್ತೇವೆ. ಅತಿ ಹೆಚ್ಚು ಬೆಲೆ ಹೇಳಿದವನೇ ಅತಿ ಕೆಟ್ಟ ಕುಲುಮೆಯವನಿಗೆ ಮಾರುವವನಾಗಿರುವ ಸಂಭವವೇ ಹೆಚ್ಚು.

ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು. ಅಂದರೆ ಮೂವರಲ್ಲಿ ಒಂದು ಮಗು. ಅದರಲ್ಲಿ ಭಾರತದ್ದು 27 ಕೋಟಿಗೂ ಮೇಲೆ. ಎಲ್ಲವೂ ಬ್ಯಾಟರಿಯದ್ದಲ್ಲ, ಬಣ್ಣ, ಕಲಬೆರಕೆ ಅರಿಶಿನ, ಪಾತ್ರೆ ಎಲ್ಲ ಸೇರಿವೆ. ಆದರೆ ತಗಡಿನ ಶೆಡ್ಡಿನ ಬ್ಯಾಟರಿ ಕುಲುಮೆಯನ್ನು ವರದಿ ಮುಖ್ಯ ಕಾರಣಗಳಲ್ಲೊಂದಾಗಿ ಹೆಸರಿಸುತ್ತದೆ. ಸೀಸ ಮಗುವಿನ ಹೊಟ್ಟೆ ನೋಯಿಸುವ ಮೊದಲೇ ಬುದ್ಧಿಯನ್ನು ಮುಟ್ಟಿರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಮಾತನ್ನು ತೊಂಬತ್ತರ ದಶಕದಿಂದ ಹೇಳುತ್ತ ಬಂದವರು. ಪೆಟ್ರೋಲಿನಿಂದ ಸೀಸ ಹೊರಗೆ ಹೋಯಿತು, ಬ್ಯಾಟರಿ ಮಾತ್ರ ಹೊಸ್ತಿಲಲ್ಲೇ ಕೂತಿದೆ. ನನ್ನ ಮಟ್ಟಿಗೆ ನಾನು ಕಂಡುಕೊಂಡದ್ದು ಸಾಧಾರಣ ದಾರಿ: ಹೊಸ ಬ್ಯಾಟರಿ ಕೊಂಡ ಅಂಗಡಿಗೇ ಹಳೆಯದನ್ನು ಕೊಟ್ಟು, ಬಿಲ್ಲಿನಲ್ಲಿ ಅದರ ಬೆಲೆ ಕಳೆಸಿಕೊಳ್ಳುವುದು. ಗುಜರಿಯವನಿಗಿಂತ ಕಡಿಮೆ ಸಿಗುತ್ತದೆ. ಸಿಗಲಿ.

ಇಷ್ಟು ಹೊತ್ತಿಗೆ ಮನೆಗೆ ಲಿಥಿಯಮ್ ಬಂದಾಗಿತ್ತು, ಮಗಳ ಸ್ಕೂಟರಿನ ರೂಪದಲ್ಲಿ. ಕರೆಂಟಿನ ಗಾಡಿ ನಮಗೆ ಹೊಸತೇನಲ್ಲ. 2001ರಲ್ಲೇ ಚೇತನ್ ಮೈನಿಯವರ ರೇವಾ ಬೆಂಗಳೂರಿನ ರಸ್ತೆಗಿಳಿದಿತ್ತು. ಮುಂದಿನ ಸೀಟಿನ ಕೆಳಗೆ ಎಂಟು ಸೀಸದ ಬ್ಯಾಟರಿ ಹೊತ್ತುಕೊಂಡು ಓಡಾಡಿ, ಲಂಡನ್ನಿಗೂ ಹೋಗಿ ಬೇರೆ ಹೆಸರಿನಲ್ಲಿ ಪ್ರಸಿದ್ಧಿಯನ್ನೂ ಲೇವಡಿಯನ್ನೂ ಸಂಪಾದಿಸಿತು. ಸೀಸ ಹೊತ್ತ ಗಾಡಿ ತನ್ನ ಶಕ್ತಿಯಲ್ಲಿ ದೊಡ್ಡ ಪಾಲನ್ನು ಸೀಸ ಹೊರುವುದಕ್ಕೇ ಕಳೆಯುತ್ತದೆ. ಲಿಥಿಯಮ್ ಹಗುರ. ಮೂರು ಯೂನಿಟ್ ಕರೆಂಟು ತುಂಬಿಕೊಳ್ಳುವ ಸ್ಕೂಟರಿನ ಪೆಟ್ಟಿಗೆ ಒಂದು ಗ್ಯಾಸ್ ಸಿಲಿಂಡರಿಗಿಂತ ಹೆಚ್ಚು ಭಾರವಿರುವುದಿಲ್ಲ. ಅಷ್ಟನ್ನು ಸೀಸದಲ್ಲಿ ತುಂಬಬೇಕಾದರೆ ನಮ್ಮ ಯುಪಿಎಸ್ ಬ್ಯಾಟರಿಯಂಥ ಎರಡನ್ನು ಹೊತ್ತು ತಿರುಗಬೇಕು.

ಹಗುರವಾದದ್ದರ ಸಿಟ್ಟು ಮಾತ್ರ ಹಗುರವಲ್ಲ. ಒಂದೊಂದು ಕೋಶದೊಳಗೂ ಎರಡು ಪದರಗಳ ನಡುವೆ ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಸುತ್ತ ಇರುವುದು ನೀರಲ್ಲ, ಉರಿಯಬಲ್ಲ ದ್ರಾವಣ. ಪೆಟ್ಟು ಬಿದ್ದೋ, ಮಿತಿಮೀರಿ ಚಾರ್ಜಾಗಿಯೋ, ತಯಾರಿಕೆಯ ದೋಷದಿಂದಲೋ ಒಂದು ಕೋಶ ಕಾದು ಸುಮಾರು 130 ಡಿಗ್ರಿ ಮುಟ್ಟಿದರೆ ಹಾಳೆ ಕರಗುತ್ತದೆ. ಎರಡು ಪದರ ಮುಟ್ಟಿಕೊಳ್ಳುತ್ತವೆ, ಬಿಸಿ ಇನ್ನೂ ಏರುತ್ತದೆ, ಪಕ್ಕದ ಕೋಶಕ್ಕೆ ದಾಟುತ್ತದೆ. ನಿಕ್ಕಲ್-ಕೋಬಾಲ್ಟ್ ಬಗೆಯದಾದರೆ ಬೆಂಕಿಗೆ ಬೇಕಾದ ಆಮ್ಲಜನಕವನ್ನು ಬ್ಯಾಟರಿ ತಾನೇ ಒದಗಿಸಿಕೊಳ್ಳುತ್ತದೆ. ಗೋಣಿಚೀಲ, ಮರಳು ಮುಚ್ಚಿ ಉಸಿರುಗಟ್ಟಿಸಿದರೂ ಅದು ಸಾಯುವುದಿಲ್ಲ, ಆರಿದಂತೆ ಕಂಡು ಮತ್ತೆ ಏಳುತ್ತದೆ. ಕಾವು ಇಳಿಸಲು ಧಾರಾಳ ನೀರು ಬೇಕು, ಅದನ್ನು ಸುರಿಯುವ ಕೆಲಸ ಅಗ್ನಿಶಾಮಕದವರಿಗೆ ಬಿಟ್ಟು ನಾವು ಹೊರಗೆ ಓಡಬೇಕು. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಕೆಳಮಹಡಿಯ ಇ-ಸ್ಕೂಟರ್ ಮಳಿಗೆಗೆ ಬಿದ್ದ ಬೆಂಕಿಯ ಹೊಗೆ ಮೇಲಿನ ಲಾಡ್ಜಿಗೆ ಏರಿ ಎಂಟು ಜನ ಸತ್ತರು. 2024ರ ನವೆಂಬರಿನಲ್ಲಿ ಬೆಂಗಳೂರಿನ ರಾಜ್‌ಕುಮಾರ್ ರಸ್ತೆಯ ಶೋರೂಮೊಂದರಲ್ಲಿ ಅಲ್ಲಿ ಕೆಲಸಕ್ಕಿದ್ದ ಯುವತಿಯೊಬ್ಬಳು ಹೊರಬರಲಾಗದೆ ತೀರಿಕೊಂಡಳು. ಹೊಗೆ, ಮತ್ತು ಹೊರಹೋಗುವ ದಾರಿ: ಈ ಎರಡನ್ನು ಬಿಟ್ಟು ಬ್ಯಾಟರಿಯ ಸುರಕ್ಷತೆ ಮಾತಾಡುವುದು ವ್ಯರ್ಥ.

ನಮ್ಮ ಸಾಲುಮನೆಗಳಲ್ಲಿ ಸ್ಕೂಟರು ನಿಲ್ಲುವುದು ಎಲ್ಲಿ ಹೇಳಿ? ಮೆಟ್ಟಿಲ ಬುಡದಲ್ಲಿ, ಇರುವ ಒಂದೇ ಬಾಗಿಲ ಪಕ್ಕದಲ್ಲಿ. ಪ್ಲಗ್ ಪಾಯಿಂಟೂ ಅಲ್ಲೇ. ರಾತ್ರಿ ಊಟ ಮುಗಿಸಿ ಚಾರ್ಜಿಗೆ ಹಾಕಿ ಎಲ್ಲರೂ ಮೇಲೆ ಮಲಗುತ್ತಾರೆ. ಮಗಳಿಗೂ ನನಗೂ ಈ ಬಗ್ಗೆ ಜಗಳವಾಯಿತು. ‘ಅಪ್ಪಾ, ನಿಮ್ಮ ಪೆಟ್ರೋಲ್ ಸ್ಕೂಟರು ಇಷ್ಟು ವರ್ಷ ಅಲ್ಲೇ ನಿಂತಿತ್ತಲ್ಲ, ಅದೇನು ಹಾಲು ತುಂಬ್ಕೊಂಡಿತ್ತಾ?’ ಅಂದಳು. ಮಾತು ಸರಿಯೇ, ಪೆಟ್ರೋಲನ್ನು ನಾವು ಅಭ್ಯಾಸಬಲದಿಂದ ಕ್ಷಮಿಸಿದ್ದೇವೆ. ಕಡೆಗೆ ರಾಜಿಯಾಗಿ ಕಾಂಪೌಂಡಿನ ಮೂಲೆಗೆ ಶೀಟು ಹಾಕಿಸಿ, ಅರ್ತ್ ಸರಿಯಿರುವ 16 ಆಂಪಿಯರಿನ ಸಾಕೆಟ್ ಎಳೆಸಿದೆವು. ಸವಾರಿಯಿಂದ ಬಂದ ಬಿಸಿಯಲ್ಲೇ ಚಾರ್ಜಿಗೆ ಹಾಕಬಾರದು, ಕಂಪನಿಯ ಚಾರ್ಜರ್ ಬಿಟ್ಟು ಬೇರೆಯದನ್ನು ಚುಚ್ಚಬಾರದು, ಪೆಟ್ಟಿಗೆ ಊದಿಕೊಂಡರೆ ಅಥವಾ ಸಿಹಿಸಿಹಿ ಘಾಟು ಬಂದರೆ ಮುಟ್ಟಬಾರದು ಎಂಬ ಮೂರು ಶರತ್ತುಗಳಿಗೆ ಅವಳು ಒಪ್ಪಿದಳು. 2022ರ ಬೇಸಿಗೆಯಲ್ಲಿ ಇ-ಸ್ಕೂಟರುಗಳಿಗೆ ಬಿದ್ದ ಬೆಂಕಿಗಳ ನಂತರ ಸರ್ಕಾರವೂ ಬ್ಯಾಟರಿ ಪರೀಕ್ಷೆಯ ನಿಯಮಗಳನ್ನು ಬಿಗಿ ಮಾಡಿ, ಅದೇ ಡಿಸೆಂಬರಿನಿಂದ ಜಾರಿಗೆ ತಂದಿದೆ.

ಎಲ್ಲ ಲಿಥಿಯಮ್ಮೂ ಒಂದೇ ಸ್ವಭಾವದ್ದಲ್ಲ. ಕಬ್ಬಿಣ, ರಂಜಕ ಸೇರಿದ ಬಗೆ ಹೆಚ್ಚು ಸಮಾಧಾನಿ: ಬೇಗ ಕಾಯುವುದಿಲ್ಲ, ಕಾದರೂ ಆಮ್ಲಜನಕವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಸಾವಿರಾರು ಸಲ ತುಂಬಿ ಖಾಲಿಯಾಗುತ್ತದೆ. ಮನೆಯೊಳಗೆ ಇಡುವುದಾದರೆ ಇದೇ ಸರಿ. 1997ರಲ್ಲಿ ಅಮೆರಿಕದ ಟೆಕ್ಸಸ್‌ನಿಂದ ಇದರ ಬಗ್ಗೆ ಬಂದ ಮೊದಲ ಲೇಖನದಲ್ಲಿ ಮೂವರ ಹೆಸರಿದೆ: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ಲಿಥಿಯಮ್ ಬ್ಯಾಟರಿಗಳ ಕೆಲಸಕ್ಕಾಗಿ ನೊಬೆಲ್ ಬಂತು. ನಡುವಿನ ಹೆಸರು ಓದಿದಾಗ ಮಾತ್ರ ನನಗೆ ನಂಜನಗೂಡಿನ ರೈಲಿನಲ್ಲಿ ಪರಿಚಯದವರು ಸಿಕ್ಕಷ್ಟು ಸಂತೋಷವಾಯಿತು.

ಈ ಬಗೆಯ ಬ್ಯಾಟರಿ ಕೊಳ್ಳುವ ಆಸೆ ಹುಟ್ಟಿಸಿದ್ದು ಎದುರುಮನೆಯ ಸೋಲಾರು. 2024ರಲ್ಲಿ ಸೂರ್ಯಘರ್ ಯೋಜನೆ ಬಂದು 3 ಕಿಲೋವಾಟಿಗೆ 78,000 ರೂಪಾಯಿ ಸಹಾಯಧನ ಎಂದದ್ದೇ ತಡ, ಎದುರುಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರರು ತಾರಸಿ ತುಂಬ ಫಲಕ ಹಾಸಿದರು. ಮೊದಲ ಸಲ ಹಗಲು ಕರೆಂಟು ಹೋದಾಗ ಅವರ ಮನೆಯಲ್ಲೂ ಫ್ಯಾನು ನಿಂತಿತು. ನೆತ್ತಿಯ ಮೇಲೆ ಉರಿಬಿಸಿಲು, ತಾರಸಿ ಮೇಲೆ ಫಲಕ, ಕೆಳಗೆ ಬೀಸಣಿಗೆ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುತ್ತಿರುವಾಗ ಮನೆಗಳ ಸೋಲಾರ್ ಕರೆಂಟು ತಂತಿಗೆ ಹಿಮ್ಮುಖ ಹರಿದು ಅವನನ್ನು ಕೊಲ್ಲಬಾರದೆಂದು, ಹೊರಗಿನ ಕರೆಂಟು ಹೋದೊಡನೆ ಫಲಕಗಳ ಇನ್ವರ್ಟರು ತಾನಾಗಿಯೇ ನಿಲ್ಲಬೇಕು. ಅದು ಕಾನೂನು, ಒಳ್ಳೆಯ ಕಾನೂನು. ತನ್ನ ಬಿಸಿಲನ್ನು ತಾನೇ ಉಣ್ಣಬೇಕಾದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಬೇಕು. ಫಲಕ ಮಾರಿದವರು ಇದನ್ನು ಮೊದಲು ಹೇಳಲಿಲ್ಲವೆಂದು ಮ್ಯಾನೇಜರರು ಇಂದಿಗೂ ಬೈಯುತ್ತಿದ್ದಾರೆ.

ಇನ್ನು ಲಿಥಿಯಮ್ಮಿನ ಅಂತ್ಯಕ್ರಿಯೆ. ಪಕ್ಕದ ಬೀದಿಯವರೊಬ್ಬರ ಹಳೇ ಸ್ಕೂಟರಿನ ಬ್ಯಾಟರಿ ಕೆಟ್ಟಿತ್ತು, ಗುಜರಿಯವನಿಗೆ ತೋರಿಸಿದರು. ಅವನು ಎಂದಿನಂತೆ ಒಂದು ಮೂಲೆ ಎತ್ತಿ ನೋಡಿ ಕೆಳಗಿಟ್ಟ.

‘ಬೇಡ ಸಾರ್. ಇದ್ರಲ್ಲಿ ಕಾಸಿಲ್ಲ. ಮೇಲಾಗಿ ಹೊಗೆ ಬರುತ್ತೆ.’

‘ಅಲ್ಲಯ್ಯ, ಇಷ್ಟು ದುಬಾರಿ ಬ್ಯಾಟರಿ!’

‘ದುಬಾರಿ ನಿಮ್ಗೆ ಸಾರ್. ನಮ್ಗೆ ಸೀಸದ್ದೇ ಬ್ಯಾಟ್ರಿ.’

ಅವನು ಹೇಳಿದ್ದರಲ್ಲಿ ಲೋಹಶಾಸ್ತ್ರವೇ ಇದೆ. ಸೀಸವನ್ನು ಬಾಣಲೆಯಲ್ಲಿ ಕರಗಿಸಬಹುದು. ಲಿಥಿಯಮ್ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ, ಗಾಳಿಯಾಡದಂತೆ ಬಿಗಿದ ಯಂತ್ರದಲ್ಲಿ ಪುಡಿ ಮಾಡಿ, ಬರುವ ಕಪ್ಪು ಹುಡಿಯನ್ನು ಆ್ಯಸಿಡ್ಡಿನಲ್ಲಿ ಕರಗಿಸಿ ಒಂದೊಂದೇ ಲೋಹ ತೆಗೆಯಬೇಕು. ನಿಕ್ಕಲ್, ಕೋಬಾಲ್ಟ್ ಇದ್ದರೆ ಶ್ರಮಕ್ಕೆ ಬೆಲೆ ಬಂತು. ಕಬ್ಬಿಣ-ರಂಜಕದ ಸಮಾಧಾನಿ ಬ್ಯಾಟರಿಯಲ್ಲಿ ಅವೆರಡೂ ಇಲ್ಲ. ಬದುಕಿರುವಾಗ ಹೆಚ್ಚು ಸುರಕ್ಷಿತವಾದದ್ದು ಸತ್ತ ಮೇಲೆ ಹೆಚ್ಚು ಅನಾಥ. ಹಾಗೆಂದು ಲಿಥಿಯಮ್ ನಮ್ಮಲ್ಲಿ ಹೇರಳವೂ ಅಲ್ಲ. ಮಂಡ್ಯದ ಮಾರ್ಲಗಲ್ಲದಲ್ಲಿ 14,100 ಟನ್ ಇದೆ ಎಂದು 2020ರಲ್ಲಿ ಸುದ್ದಿಯಾದದ್ದು, ಮರುವರ್ಷ ಸರ್ಕಾರದ ಬಾಯಲ್ಲಿ 1,600 ಟನ್ನಿಗೆ ಇಳಿಯಿತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ಅನಾಥನನ್ನು ತಯಾರಕರ ಹೆಗಲಿಗೆ ಹಾಕಿವೆ. ಅವರೇ ವಾಪಸು ಪಡೆಯಬೇಕು, ಅಧಿಕೃತ ಮರುಬಳಕೆ ಘಟಕಕ್ಕೆ ಮುಟ್ಟಿಸಬೇಕು, ಹೂಳುವಂತಿಲ್ಲ, ಸುಡುವಂತಿಲ್ಲ. ಬಳಸಿದವರೂ ಬೇರೆ ಕಸಕ್ಕೆ ಬೆರೆಸುವಂತಿಲ್ಲ. ಆ ಸ್ಕೂಟರಿನವರು ಕಂಪನಿಯ ಸರ್ವೀಸ್ ಸೆಂಟರಿಗೆ ಈ ನಿಯಮ ಹೇಳಿ, ಎರಡು ಸಲ ಪತ್ರ ಬರೆದ ಮೇಲೆ ಕಂಪನಿಯವರೇ ಬಂದು ಒಯ್ದರು.

ಸ್ಕೂಟರಿನದಕ್ಕಾದರೂ ಬೇಡವೆನ್ನಲು ಒಬ್ಬ ಸಿಕ್ಕಿದ. ರಿಮೋಟು, ಗೋಡೆ ಗಡಿಯಾರ, ಆಟಿಕೆಯ ಸೆಲ್ಲುಗಳಿಗೆ ಅಷ್ಟೂ ಗತಿಯಿಲ್ಲ. ಒಣ ಕಸದ ಚೀಲಕ್ಕೆ ಸೇರಿ ಹೋಗುತ್ತವೆ. ಹಳೇ ಮೊಬೈಲಿನ ಊದಿದ ಬ್ಯಾಟರಿ ಅದರಲ್ಲಿದ್ದರೆ ಕಸದ ಲಾರಿ ಒತ್ತಿ ಅದುಮುವಾಗ ಒಳಗೇ ಹತ್ತಿಕೊಳ್ಳುತ್ತದೆ. ನನ್ನ ಹೆದರಿಕೆ ಹೆಚ್ಚು ಗುಂಡಿಯಾಕಾರದ ಸೆಲ್ಲಿನ ಬಗ್ಗೆ. 20 ಮಿಲಿಮೀಟರ್ ಅಗಲದ, ನಾಣ್ಯದಂತೆ ಹೊಳೆಯುವ ಅದು ಮಗುವಿನ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆಯ ಮೂಲಕ ಕರೆಂಟು ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ. ಎರಡು ಗಂಟೆಯೊಳಗೆ ನಾಳ ಸುಡಬಹುದು. ನುಂಗಿದ ಅನುಮಾನ ಬಂದರೆ ಮರುದಿನ ನೋಡೋಣವೆನ್ನದೆ, ವಾಂತಿ ಮಾಡಿಸದೆ, ಆ ಕ್ಷಣವೇ ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಸ್ಕ್ರೂ ಇಲ್ಲದ ಮುಚ್ಚಳದ ಆಟಿಕೆಯನ್ನು ಜಾತ್ರೆಯಲ್ಲಿ ಮೊಮ್ಮಗ ಎಷ್ಟು ಅತ್ತರೂ ಕೊಡಿಸಬೇಡಿ.

ಬಡಾವಣೆಯ ಸಂಘದ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ: ಎಲ್ಲರ ಸತ್ತ ಸೆಲ್ಲುಗಳಿಗೆ ಒಂದು ಡಬ್ಬ ಇಡೋಣ, ತುಂಬಿದಾಗ ಅಧಿಕೃತ ಇ-ಕಸದವರನ್ನು ಕರೆಸೋಣ, ಲಿಥಿಯಮ್ಮಿನ ತುದಿಗಳಿಗೆ ಟೇಪ್ ಸುತ್ತಿ ಬೇರೆ ಇಡೋಣ. ಯಾರೂ ವಿರೋಧಿಸಲಿಲ್ಲ, ಅದೇ ಅಪಶಕುನ. ಡಬ್ಬ ಯಾರ ಮನೆ ಮುಂದೆ ಎಂದಾಗ ಎಲ್ಲರ ಮನೆಯ ಮುಂದೂ ಮಳೆ ಸುರಿಯತೊಡಗಿತು. ಕಡೆಗೆ ಮ್ಯಾನೇಜರರೇ ತಮ್ಮ ಕಾರ್‌ಶೆಡ್ಡಿನ ಸಿಮೆಂಟ್ ಕಟ್ಟೆ ಬಿಟ್ಟುಕೊಟ್ಟರು, ಬಿಸ್ಕತ್ತಿನ ಹಳೇ ತಗಡು ಡಬ್ಬ ಬೇಡ, ಲೋಹ ತಾಗಬಾರದು ಎಂಬ ತಿದ್ದುಪಡಿಯೊಂದಿಗೆ. ಪಿಂಗಾಣಿ ಭರಣಿ ಕೊಡಲು ಒಬ್ಬರು ಅತ್ತಿಗೆ ಒಪ್ಪಿದರು, ಅದರಲ್ಲಿದ್ದ ಮಾವಿನ ಉಪ್ಪಿನಕಾಯಿ ಮುಗಿದ ಮೇಲೆ.

ಖಜಾಂಚಿಯವರು ಕನ್ನಡಕ ಏರಿಸಿ ಕೇಳಿದರು: ‘ಟೇಪಿನ ಖರ್ಚನ್ನ ಯಾವ ಲೆಕ್ಕದಲ್ಲಿ ಬರೀಲಿ? ಪೇಪರ್ ಮಾರಿದ್ರೆ ಸಂಘಕ್ಕೆ ದುಡ್ಡು ಬರುತ್ತೆ. ಇದನ್ನ ಕೊಡೋಕೆ ನಾವೇ ಖರ್ಚು ಮಾಡ್ಬೇಕು ಅಂತೀರಿ.’

‘ಗಣೇಶನ ಹಬ್ಬದ ಲೆಕ್ಕದಲ್ಲಿ ಬರೀರಿ ಸಾರ್’ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ‘ಅದರಲ್ಲಿ ಎಲ್ಲಾ ಹಿಡಿಸುತ್ತೆ.’